ನಿಂಗೇನು ಬೇಕು ಹೇಳೇ

ಅವಳ ಬಲ ಅಂಗೈ ಇದ್ದಿಲಿನಷ್ಟು ಕಪ್ಪು. ಎಡಗೈ ಮಾತ್ರ ಈಗಷ್ಟೇ ಅರಿಶಿನ ತೊಳೆದ ಹಾಗೆ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು, ಇದ್ದಿಲ ಪುಡಿ ಕಲಸಿದ ಹಿಟ್ಟಿನಿಂದ ಊದುಬತ್ತಿ ಹೊಸೆಯುತ್ತಿದ್ದೆವು. ಎಂಬತ್ತರ ದಶಕದ ಮಾತು. ನನಗೆ ಹತ್ತೊಂಬತ್ತು, ಅವಳಿಗೂ ಹೆಚ್ಚುಕಮ್ಮಿ ಅಷ್ಟೇ. ನನ್ನ ಓದು ಮೂರನೇ ಕ್ಲಾಸಿಗೇ ಮುಗಿದಿತ್ತು.

ಬಟವಾಡೆ ದಿನ ನನ್ನನ್ನು ಹೋಟೆಲಿಗೆ ಎಳೆದುಕೊಂಡು ಹೋಗುವಳು. "ನಿಂಗೇನು ಬೇಕು ಹೇಳೇ" ಅನ್ನುವಳು. "ಏನಾದ್ರೂ ಸರಿ" ಅಂದರೆ ಅವಳಿಗೆ ಆಗದು. "ಅಣ್ಣಾ, ಇವಳಿಗೊಂದು ಪ್ಲೇಟ್ 'ಏನಾದ್ರೂ ಸರಿ' ಕೊಡಿ" ಅಂತ ಸಪ್ಲೈಯರ್‌ಗೆ ಹೇಳಿ ನನ್ನ ಮಾನ ಕಳೆಯುವಳು. ನಾನು ತಲೆ ತಗ್ಗಿಸಿ "ಇಡ್ಲಿ... ಅಲ್ಲ, ದೋಸೆ" ಅನ್ನುವವರೆಗೂ ಬಿಡುತ್ತಿರಲಿಲ್ಲ. ಮನೆ ತುಂಬ ಜನ ನಮ್ಮದು. ಏನು ಬೇಕು ಅಂತ ಅಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ನನ್ನನ್ನು ಹೆಣ್ಣು ನೋಡೋಕೆ ಬಂದ ದಿನ ಅವಳೇ ಜಡೆ ಹಾಕಿ ಪಕ್ಕದಲ್ಲಿ ಕೂತಳು.

"ಮದುವೆ ಆದ್ಮೇಲೆ ಹುಡುಗಿ ಕೆಲಸ ಬಿಡ್ತಾಳೆ ತಾನೆ?" ಗಂಡಿನ ತಾಯಿ ಕೇಳಿದರು.

"ನಾಳೆಯಿಂದಲೇ ಬಿಡಿಸ್ತೀನಿ" ಅಂದುಬಿಟ್ಟ ಅಪ್ಪ.

ಆ ಶೆಡ್ಡು ಬಿಟ್ಟರೆ ನನ್ನದು ಅಂತ ನನಗೆ ಬೇರೇನೂ ಇರಲಿಲ್ಲ. ಅವಳು ಆ ಕಪ್ಪು ಕೈಯನ್ನು ನನ್ನ ಕೈ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ನಿಂಗೇನು ಬೇಕು ಹೇಳೇ" ಅಂದಳು.

"ನಂಗೆ ಕೆಲಸ ಬೇಕು. ಬಿಡಲ್ಲ."

ಅಪ್ಪನ ಮುಖ ಕಪ್ಪಿಟ್ಟಿತು. ಗಂಡು ಮಾತ್ರ ಕೇಸರಿಬಾತಿನ ತಟ್ಟೆ ಕೆಳಗಿಟ್ಟು, "ಹೋಗ್ಲಿ ಬಿಡಮ್ಮ, ನಾನೂ ಆ ಕಡೆನೇ ಕೆಲಸಕ್ಕೆ ಹೋಗೋದು" ಅಂತ ತಾಯಿಗೆ ಹೇಳಿದರು. ಅವರೇ ನಮ್ಮ ಯಜಮಾನರು.

ನನ್ನ ಮದುವೆಯಾಗಿ ಎರಡನೇ ವರ್ಷ ಅವಳಿಗೆ ಕಾಮಾಲೆ ಬಂತು. ಆಸ್ಪತ್ರೆಗೆ ಎಳನೀರು, ಮೋಸಂಬಿ, ಗಂಜಿ ಎಲ್ಲಾ ಒಯ್ದಿದ್ದೆ. ಕೆಲಸ ಬಿಟ್ಟು ಮಲಗಿದ್ದ ಅವಳ ಬಲಗೈಯ ಕಪ್ಪು ಆಗ ಪೂರ್ತಿ ಹೋಗಿತ್ತು. "ನಿಂಗೇನು ಬೇಕು ಹೇಳೇ" ಅಂದೆ.

"ಏನಾದ್ರೂ ಸರಿ ಕಣೇ" ಅಂದಳು.

ಆಗಲೇ ನನಗೆ ತಿಳಿದುಹೋಯಿತು. ಆ ವಾರವೇ ಹೋದಳು.

ಮೊನ್ನೆ ನನ್ನ ಮೊಮ್ಮಗಳ ಹುಟ್ಟುಹಬ್ಬ. ವಿಜಯನಗರದ ಹೋಟೆಲಿನಲ್ಲಿ ಕುರ್ಚಿ ಮೇಲೆ ನಿಂತು, ಸಪ್ಲೈಯರ್ ಮುಖ ನೋಡಿ ಅಂದಿತು ನನ್ನ ಬಂಗಾರ: "ನಂಗೆ ಮಸಾಲೆ ದೋಸೆ. ಗರಿಗರಿ. ಪಲ್ಯ ಬೇಡ."

"ಎಷ್ಟು ಹಠ ನೋಡಿ ಅತ್ತೆ" ಅಂದಳು ಸೊಸೆ.

ನನ್ನ ಸಂತೋಷಕ್ಕೆ ಜಾಗವೇ ಸಾಲದು, ಕಣ್ಣಲ್ಲಿ ನೀರು. "ಬೈಬೇಡಮ್ಮ" ಅಂದೆ. "ಅದನ್ನ ಕಲಿಯೋಕೆ ನಂಗೆ ಒಬ್ಬ ಗೆಳತಿ ಬೇಕಾದಳು."