ಬಿಚ್ಚಿ ಹಾಸಿದ ಕಂಬಳಿ

ಮಸ್ಕಿಯ ಹೊನ್ನೂರಮ್ಮನ ಮನೆಯಲ್ಲಿ ಅವಳಪ್ಪನ ಕಾಲದ ಒಂದು ಕರಿ ಕಂಬಳಿ ಇತ್ತು. ಬೀಗರು ಬಿಜ್ಜರು ಬಂದರೆ ಅದನ್ನು ಮಡಿಸಿ ಹಾಸುವುದು, ಎದ್ದು ಹೋದ ಮೇಲೆ ಕೊಡವಿ ಜಂತಿಗೆ ಹಾಕುವುದು. ಅದನ್ನೇ ಪೂರ್ತಿ ಬಿಚ್ಚಿ ಹಾಸಿ ನಡುವೆ ದೇವರ ಅರಿಶಿನವಾದ ಭಂಡಾರದ ಬಟ್ಟಲು ಇಟ್ಟರೆ ಮಾತ್ರ ಅದು ಕೂಡುವ ಹಾಸಿಗೆಯಲ್ಲ, ದೈವದ ಗದ್ದಿಗೆ. ಅದರ ಮೇಲೆ ಆಡಿದ ಮಾತಿಗೆ ಎರಡಿಲ್ಲ. ಮಾತು ನಡೆದ ಮೇಲೆ ಕೂತವರೆಲ್ಲ ಸೇರಿ ಅದನ್ನು ಮಡಿಸಬೇಕು. ಒಬ್ಬರೇ ಮಡಿಸಿದರೆ ಮಡಿಸಿದಂತಲ್ಲ. ಕುರಿ ಕಾಯುವ ಅವರ ಮಂದಿಯಲ್ಲಿ ಇದು ಹುಟ್ಟಿದ ಕೂಸಿಗೂ ಗೊತ್ತು. ಹೊನ್ನೂರಮ್ಮನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಅವಳ ತವರು ಗುರುಗುಂಟಾ. ಹುಡುಗಿಯಾಗಿದ್ದಾಗ ಅಪ್ಪನ ಹಿಂಡಿನ ಹಿಂದೆ ತಿರುಗಿದವಳು. ಭತ್ತ ಕೊಯ್ದ ಮೇಲೆ ಸಿಂಧನೂರಿನ ಕಾಲುವೆ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತಿದ್ದರು. ಹೊತ್ತು ಇಳಿಯುವಾಗ ಅಪ್ಪ ಕೋಲು ನೆಲಕ್ಕೆ ಊರಿ, 'ಮನಿ ಹಾಸಬೇ ಮಗಳ' ಅನ್ನುತ್ತಿದ್ದ. ಅವಳು ಭತ್ತದ ಕೂಳೆಯ ಮೇಲೆ ಕಂಬಳಿ ಹಾಸುತ್ತಿದ್ದಳು. ಆಮೇಲೆ ಮಸ್ಕಿಗೆ ಕೊಟ್ಟರು. ಗಂಡ ಬೇಗ ಹೋದ. ಅಪ್ಪ ಅವ್ವನೂ ಹೋದ ಮೇಲೆ ಕಿರಿಯ ತಮ್ಮ ಮಾಳಿಂಗಪ್ಪ ಅಪ್ಪನ ಕುರಿಗಳನ್ನು ಹೊಡೆದುಕೊಂಡು ಅಕ್ಕನ ಮನೆಗೆ ಬಂದ. ಅವಳು ಉಣ್ಣೆ ನೂಲುತ್ತಿದ್ದಳು, ಅವನು ಕುರಿ ಕಾಯುತ್ತಿದ್ದ.

ಕುರಿ ಕಾಯುತ್ತಲೇ ಅವನಿಗೆ ಚೆಂಡಿನ ಹುಚ್ಚು ಹತ್ತಿತು. ನಿರಾಶ್ರಿತರಿಗೆಂದು ಸಿಂಧನೂರಿನ ಹತ್ತಿರ ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗರು ಕೊಯ್ದ ಗದ್ದೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಬದುವಿನ ಮೇಲೆ ನಿಂತು ನೋಡಿದ, ಒಂದು ದಿನ ಕೋಲು ಬಿಸಾಕಿ ಒಳಗೆ ಇಳಿದ. ಕೂಳೆ ಚುಚ್ಚುವ ನೆಲದಲ್ಲಿ ಬರಿಗಾಲಲ್ಲಿ ಓಡಿ ಬೆಳೆದ ಕಾಲು ಅದು. ಚೆಂಡು ಅವನ ಬೆರಳಿಗೆ ಅಂಟಿಕೊಂಡಂತೆ ಬರುತ್ತಿತ್ತು. ಕ್ಯಾಂಪಿನವರು ತಮ್ಮ ಮಾತಿನಲ್ಲಿ ಅಣ್ಣನೆಂದು 'ಮಾಲಿಂಗ್‌ದಾ' ಎಂದು ಕೂಗುವುದು ಸಿಂಧನೂರಿನ ಕ್ಲಬ್ಬಿನವರ ಕಿವಿಗೂ ಬಿತ್ತು. ಎಂಬತ್ತೇಳರ ಹೊತ್ತಿಗೆ ಕ್ಲಬ್ಬಿನ ಟೀಮಿಗೆ ಅವನೇ ಮುಂದಾಳು. ಅವನ ಆಟವಿದ್ದರೆ ಮಸ್ಕಿಯಿಂದ ಲಾರಿ ತುಂಬ ಜನ ಹೋಗುತ್ತಿದ್ದರು. ಎಲ್ಲರಿಗಿಂತ ಮುಂದೆ ಸೈಕಲ್ ರಿಪೇರಿಯ ಗದ್ದೆಪ್ಪ, ಅವನ ಬೆನ್ನಿಗೆ ಚಹಾದ ಹೋಟೆಲಿನ ಜಿಲಾನಿಸಾಬ್.

ಆ ವರ್ಷ ಲಿಂಗಸುಗೂರಿನಲ್ಲಿ ಟೂರ್ನಮೆಂಟು ಇತ್ತು. ಟೀಮು ಫೈನಲ್ ಮುಟ್ಟಿತು. ದೊಡ್ಡ ಅಧಿಕಾರಿಗಳು ಬಂದು ಕೂಡುತ್ತಾರೆ, ಎಲ್ಲರೂ ಬೂಟು ಹಾಕಿಯೇ ಆಡಬೇಕು ಎಂದು ಕ್ಲಬ್ಬಿನ ಅಧ್ಯಕ್ಷ ವೆಂಕೋಬ ಸಾಹುಕಾರ ಹುಕುಂ ಮಾಡಿದ. ಮಾಳಿಂಗಪ್ಪ ಒಂದು ದಿನ ಹಾಕಿ ನೋಡಿದ. 'ಸಾಹುಕಾರ್ರ, ಇದರಾಗ ಕಾಲಿಗೆ ಕಿವುಡು ಬಂದಂಗ ಆಕ್ಕೈತ್ರಿ, ಚೆಂಡು ಮಾತಾಡಿದ್ದು ಕೇಳಂಗಿಲ್ಲ' ಅಂದ. 'ಕುರಿ ಕಾಯೋದಕ್ಕ ಬರಿಗಾಲು ನಡೀತೈತಿ, ನನ್ನ ಟೀಮಿನ್ಯಾಗ ನಡ್ಯಂಗಿಲ್ಲ' ಅಂದ ಸಾಹುಕಾರ, ನಾಲ್ಕು ಮಂದಿಯ ಎದುರು. ಮಾಳಿಂಗಪ್ಪ ಬೂಟು ಕಳಚಿ ಕ್ಲಬ್ಬಿನ ಮೆಟ್ಟಿಲ ಮೇಲೆ ಜೋಡಿಸಿಟ್ಟು ಮಸ್ಕಿಯ ಬಸ್ಸು ಹತ್ತಿದ.

ಅವನು ಬಂದದ್ದಕ್ಕಿಂತ ಬೇಗ ಸುದ್ದಿ ಬಂದಿತ್ತು. ಮರುದಿನ ಅವನು ಕುರಿಗೆ ನೀರು ಕುಡಿಸಲು ಹಳ್ಳಕ್ಕೆ ಹೋದ ಹೊತ್ತಿಗೆ ಮನೆಯ ಮುಂದೆ ಜನವೋ ಜನ.

'ಯಕ್ಕಾ, ನಿನ್ನ ತಮ್ಮನ ಕಾಲಿಗೆ ಲಾಳ ಹೊಡ್ಯಾಕ ಹೊಂಟಾರಲ್ಲಬೇ! ಅಂವೇನು ಎತ್ತ?' ಅಂದ ಗದ್ದೆಪ್ಪ.

'ಬೂಟಿನವ್ರ ಕಡೆ ಮಾತಾಡೋರಿಗೆ ನನ್ನ ಹೋಟೆಲ್‌ದಾಗ ಚಾ ಬಂದ್' ಅಂದ ಜಿಲಾನಿಸಾಬ್. 'ನಿನ್ನೆ ಒಬ್ಬ ಬಂದಿದ್ದ. ಬೂಟಿನ್ಯಾಗ ಹಾಕಿಸ್ಕೊಂಡು ಕುಡಿ ಹೋಗಲೇ ಅಂದೆ.'

ತಮ್ಮನ ಸಲುವಾಗಿ ಬಂದವರನ್ನು ಬಿಸಿಲಲ್ಲಿ ನಿಲ್ಲಿಸುವುದೇ? ಹೊನ್ನೂರಮ್ಮ ಕರಿ ಕಂಬಳಿ ಇಳಿಸಿದಳು. ಮಡಿಸಿ ಹಾಸಿದರೆ ಇಷ್ಟು ಜನಕ್ಕೆ ಸಾಲದು. ಬಿಚ್ಚಿದಳು. ಪಡಸಾಲೆಯ ಈ ಗೋಡೆಯಿಂದ ಹೆಚ್ಚು ಕಡಿಮೆ ಆ ಗೋಡೆಯತನಕ ಹರಡಿತು. ಬಂದವರ ಹಣೆಗೆ ಹಚ್ಚಲು ಭಂಡಾರದ ಬಟ್ಟಲು ತಂದಳು, ಕೈಗೆ ಸಿಗಲಿ ಎಂದು ನಡುವೆ ಇಟ್ಟಳು. ಒಬ್ಬೊಬ್ಬರಿಗೂ ಹಚ್ಚುತ್ತ ಬಂದಳು. ಅಷ್ಟರಲ್ಲಿ ಗದ್ದೆಪ್ಪ, 'ಕುರಿ ಕಾಯೋ ಕಾಲು ಅಂದಾನಂತಲ್ಲ ಸಾಹುಕಾರ, ನೀ ಏನಂತೀಬೇ?' ಎಂದು ಕೇಳಿದ. ಅವಳಿಗೆ ಅಪ್ಪನನ್ನೇ ಅಂದಂತೆ ಆಯಿತು.

'ಸಾಹುಕಾರ ನಮ್ಮ ಹೊಸ್ತಿಲಿಗೆ ಬಂದು, ಬರಿಗಾಲಾಗ ಆಡು ಬಾ ಅಂತ ಕರೀಬೇಕು. ಅಲ್ಲಿತನ ನನ್ನ ತಮ್ಮ ಚೆಂಡಿಗೆ ಕಾಲು ಹಚ್ಚಂಗಿಲ್ಲ' ಅಂದಳು.

ಆಗ ಅವಳ ಬೆರಳು ಬಟ್ಟಲಿನ ಭಂಡಾರದಲ್ಲಿ ಇತ್ತು.

ಗದ್ದೆಪ್ಪ ಎರಡೂ ಕೈ ಕಂಬಳಿಗೆ ಹಚ್ಚಿ ಕಣ್ಣಿಗೊತ್ತಿಕೊಂಡ. 'ಮಾತು ಆತು' ಅಂದ. ಉಳಿದವರೂ ಒತ್ತಿಕೊಂಡರು. ತಾನು ಏನು ಹಾಸಿದ್ದೇನೆಂದು ಹೊನ್ನೂರಮ್ಮ ಆಗ ನೋಡಿದಳು.

ಹಳ್ಳದಿಂದ ಬಂದ ಮಾಳಿಂಗಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಜನ ಅವನನ್ನು ಎತ್ತಿ ಕುಣಿದು, ಜೈ ಎಂದು ಕೂಗಿ ಹೋದ ಮೇಲೆ ಮೆಲ್ಲಗೆ ಹೇಳಿದ: 'ಅಕ್ಕಾ, ನಾ ನಾಳೆ ಹೊಳ್ಳಿ ಹೋಗಾವಿದ್ದೆ. ಬೂಟು ಹಾಕ್ಕೊಂತಿದ್ದೆ. ರೂಢಿ ಆಕ್ಕಿತ್ತು.'

'ಮತ್ತ ಯಾಕ ಬಿಟ್ಟು ಬಂದಿ?'

'ಸಿಟ್ಟಿತ್ತು. ಬಸ್ಸು ಮಸ್ಕಿ ಮುಟ್ಟೂದ್ರಾಗ ಇಳದಿತ್ತು. ನನಗ ಆಡಿದ್ರ ಸಾಕಿತ್ತಕ್ಕಾ.'

ಹೊನ್ನೂರಮ್ಮ ಗದ್ದೆಪ್ಪನ ಅಂಗಡಿಗೆ ಹೋದಳು. 'ನಾ ತಪ್ಪಿ ಹಾಸೀನಪಾ. ಎಲ್ಲಾರೂ ಬಂದು ಮಡಸ್ರಿ' ಎಂದು ಕೇಳಿದಳು. ಅವನು ಪಂಚರ್ ನೋಡುತ್ತಿದ್ದ ಟ್ಯೂಬನ್ನು ನೀರಿನಿಂದ ಮೇಲೆತ್ತಿ ನಕ್ಕ. 'ನೀ ತಪ್ಪಿ ಹಾಸಿದ್ರ ದೈವಾನೂ ತಪ್ಪಿ ಬಂದು ಕುಂತಿತ್ತೇನು? ಅಂಜಬ್ಯಾಡಬೇ ಯಕ್ಕಾ. ಅಂವ ಈಗ ನಿನಗಷ್ಟ ತಮ್ಮ ಅಲ್ಲ, ಮಸ್ಕಿಗೇ ತಮ್ಮ. ಸಾಹುಕಾರ ಬರ್ತಾನ, ಬರಲಾರದ ಎಲ್ಲಿಗೆ ಹೋಗ್ತಾನ?'

ಸಾಹುಕಾರ ಬರಲಿಲ್ಲ. ಕಂಬಳಿ ಹಾಗೇ ಬಿದ್ದಿತ್ತು. ಗದ್ದಿಗೆ ತುಳಿಯುವಂತಿಲ್ಲ, ಹೊರಗೆ ಹೋಗಬೇಕಾದರೆ ಗೋಡೆಗೆ ಬೆನ್ನು ಹಚ್ಚಿ ಅಂಚಿನಲ್ಲಿ ಸರಿಯಬೇಕು. ಅಡುಗೆಮನೆಯಿಂದ ಎರಡು ಹೆಜ್ಜೆ ಇದ್ದ ನೀರಿನ ಹರವಿ ಈಗ ಮನೆ ಸುತ್ತಿ ಹೋಗುವಷ್ಟು ದೂರವಾಯಿತು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ಹಾದಿ ಬೀದಿಯ ಜನ ಇಣುಕಿ, 'ಜಗ್ಗಬ್ಯಾಡಲೇ ಮಾಳಿಂಗ್ಯಾ, ನಾವದೀವಿ' ಎಂದು ಹುರುಪು ತುಂಬಿ ಹೋಗುತ್ತಿದ್ದರು. ಅವನು ಹೂಂ ಅನ್ನುತ್ತಿದ್ದ, ಕಾಲ ಹೆಬ್ಬೆರಳಿನಿಂದ ನೆಲ ಕೆದರುತ್ತಿದ್ದ.

ಫೈನಲ್ ದಿನ ಅವನು ಮನೆಯಲ್ಲೇ ಇರುತ್ತೇನೆಂದ. ಅಭಿಮಾನಿಗಳು ಎಲ್ಲಿ ಬಿಡುತ್ತಾರೆ? ಅವನಿಲ್ಲದ ಟೀಮಿನ ಗತಿಯನ್ನು ಅವನ ಕಣ್ಣೆದುರೇ ತೋರಿಸಬೇಕಿತ್ತು. ಮಡಿಸುವಂತಿಲ್ಲದ ಕಂಬಳಿಯನ್ನು ಮೂಲೆ ಹಿಡಿದು ಹಾಗೇ ಎತ್ತಿ ಲಾರಿಯಲ್ಲಿ ಹಾಸಿದರು. ಲಿಂಗಸುಗೂರಿನ ಮೈದಾನದ ಗೆರೆಯ ಪಕ್ಕದಲ್ಲಿ ಮತ್ತೆ ಹಾಸಿ, ಮಾಳಿಂಗಪ್ಪನನ್ನು ನಡುವೆ ಕೂಡಿಸಿ, ಸುತ್ತ ತಾವು ಕೂತರು. ಹೊನ್ನೂರಮ್ಮ ಅಂಚಿಗೆ ಕೂತಳು.

ಅವನಿಲ್ಲದ ಟೀಮು ತಡವರಿಸಿತು. ಎದುರಿನವರು ಒಂದು ಗೋಲು ಹೊಡೆದರು. ಗದ್ದೆಪ್ಪ ಎದ್ದು ಕುಣಿದ. 'ಹಾಕ್ರಲೇ ಬೂಟು! ಚೊಲೋತ್ನಂಗ ಪಾಲಿಶ್ ಹೊಡಕೊಂಡು ಬರ್ರಿ!' ತಮ್ಮ ಟೀಮು ಸೋಲುವುದಕ್ಕೆ ಮಸ್ಕಿಯವರು ಚಪ್ಪಾಳೆ ತಟ್ಟಿದರು. ಮಾಳಿಂಗಪ್ಪ ತಟ್ಟಲಿಲ್ಲ. ಚೆಂಡು ಆಚೆ ಹೋದಾಗ ಅವನ ಎಡಗಾಲು, ಈಚೆ ಬಂದಾಗ ಬಲಗಾಲು ಕಂಬಳಿಯ ಮೇಲೆ ತಾನಾಗಿ ಸರಿಯುತ್ತಿತ್ತು. ಹೊನ್ನೂರಮ್ಮ ಆಟ ನೋಡಲಿಲ್ಲ, ಆ ಕಾಲು ನೋಡುತ್ತ ಕೂತಿದ್ದಳು.

ಒಮ್ಮೆ ಚೆಂಡು ಗೆರೆ ದಾಟಿ ಉರುಳಿ ನೇರ ಅವನ ಪಾದದ ಮುಂದೆ ಬಂದು ನಿಂತಿತು. ಕಾಲು ಎದ್ದಿತು. ಅವನು ಅಕ್ಕನ ಕಡೆ ನೋಡಿದ. ಕಾಲು ಇಳಿಸಿ, ಬಗ್ಗಿ, ಎರಡೂ ಕೈಯಿಂದ ಚೆಂಡು ಎತ್ತಿ ಆಟಗಾರನಿಗೆ ಕೊಟ್ಟ.

ನಡುವಿನ ವಿರಾಮದಲ್ಲಿ ವೆಂಕೋಬ ಸಾಹುಕಾರ ಮೈದಾನ ದಾಟಿ ಬಂದ. ಬಿಳಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕಂಬಳಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟ.

'ಆತಪಾ ಮಾಳಿಂಗಪ್ಪ. ಬರಿಗಾಲಾಗ ಆಡು. ಬಾ.'

ಮಾಳಿಂಗಪ್ಪ ಅರ್ಧ ಎದ್ದೇಬಿಟ್ಟಿದ್ದ. ಗದ್ದೆಪ್ಪ ಅವನ ತೋಳು ಹಿಡಿದ. 'ತಡೀಲೇ. ಹೊಸ್ತಿಲಿಗೆ ಬಂದು ಅಂತ ಮಾತು. ಇದು ಲಿಂಗಸೂರು. ಹೌದಿಲ್ಲೋ ಯಕ್ಕಾ? ಮಾತಾಡಿದಾಕಿ ನೀನು, ನೀನ ಹೇಳು.'

ಎಲ್ಲರ ಕಣ್ಣೂ ಅವಳ ಮೇಲೆ. ತಮ್ಮನ ಕಣ್ಣೂ. ಹೂಂ ಅಂದರೆ ಅವನ ಆಟ ಹೋಗುತ್ತದೆ. ಊಹೂಂ ಅಂದರೆ ದೈವದ ಮುಂದೆ ಆಡಿದ ಮಾತು ಹೋಗುತ್ತದೆ, ಮಾತು ಮುರಿದ ಪೆಟ್ಟು ಅವನ ಕಾಲಿಗೇ ಬಡಿದರೆ? ಅವಳು ಎಷ್ಟು ಹುಡುಕಿದರೂ ಮೂರನೆಯದು ಬಾಯಿಗೆ ಬರಲಿಲ್ಲ.

'ಹೊಸ್ತಿಲು ಅಂದಿದ್ದೆ' ಅಂದಳು.

ಸಾಹುಕಾರ ಚಪ್ಪಲಿ ಮೆಟ್ಟಿ ಹೋದ. ಟೀಮು ಸೋತಿತು. ಮಸ್ಕಿಯವರು ಮಾಳಿಂಗಪ್ಪನನ್ನು ಹೆಗಲ ಮೇಲೆ ಹೊತ್ತು, ಗೆದ್ದವರಿಗಿಂತ ಜೋರಾಗಿ ಕೂಗುತ್ತ ಲಾರಿಗೆ ಹತ್ತಿಸಿದರು. ಆಮೇಲೆ ಯಾವ ಸಾಹುಕಾರನೂ ಮಸ್ಕಿಗೆ ಬರಲಿಲ್ಲ. ಮಳೆಗಾಲದ ಹೊತ್ತಿಗೆ ಗದ್ದೆಪ್ಪನಿಗೆ ಬೇರೊಬ್ಬ ಆಟಗಾರ ಸಿಕ್ಕಿದ್ದ, ಕಂಬಳಿ ಮಡಿಸಲು ಮಂದಿ ಸೇರಲಿಲ್ಲ.

ಭತ್ತದ ಸುಗ್ಗಿ ಮುಗಿದ ಮೇಲೆ ಮಾಳಿಂಗಪ್ಪ ಕುರಿ ಹೊಡೆದುಕೊಂಡು ಕ್ಯಾಂಪಿನ ಕಡೆ ಹೋದ. ಆ ಕಂಬಳಿಯನ್ನು ಮಡಿಸದೆ ಹೆಗಲಿಂದ ಇಳಿಬಿಟ್ಟುಕೊಂಡು ಹೋಗಿದ್ದ. ವಾರೊಪ್ಪತ್ತು ಬಿಟ್ಟು ಹೊನ್ನೂರಮ್ಮ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸಿಳಿದು ಗದ್ದೆಯ ಬದು ಹಿಡಿದು ಬಂದಳು. ಹೊತ್ತು ಇಳಿಯುತ್ತಿತ್ತು. ಆಚೆ ಗದ್ದೆಯಲ್ಲಿ ಬಂಗಾಲಿ ಹುಡುಗರು ಚೆಂಡು ಒದೆಯುವ ಸಪ್ಪಳ. ಮಾಳಿಂಗಪ್ಪ ಅತ್ತ ಬೆನ್ನು ಮಾಡಿ ಕುರಿಮರಿಯ ಗೊರಸಿನಲ್ಲಿ ಸಿಕ್ಕ ಮುಳ್ಳು ತೆಗೆಯುತ್ತಿದ್ದ. ಅವಳನ್ನು ಕಂಡು ಎದ್ದು, ಕೂಳೆಯ ಮೇಲೆ ಕರಿ ಕಂಬಳಿ ಹಾಸಿದ.

'ಬಾ ಅಕ್ಕಾ. ಮನಿ ಹಾಸೀನಿ, ಕುಂದ್ರು.'

ಹೊನ್ನೂರಮ್ಮ ಬುತ್ತಿ ಹಿಡಿದುಕೊಂಡು ನಿಂತೇ ಇದ್ದಳು. ಆ ಮೈದಾನದಲ್ಲೂ ಇದೇ ಕಂಬಳಿ ಹಾಸಿತ್ತು. ಅದರ ಅಂಚಿನಲ್ಲೇ ಸಾಹುಕಾರ ಚಪ್ಪಲಿ ಬಿಟ್ಟಿದ್ದ.

'ಯಾಕ ನಿಂತಿಬೇ? ಕಾಲು ಹಿಡದಾವೇನು?'

'ಹೂನಪಾ' ಅಂದಳು. ಅಂಚಿನ ಈಚೆ ಚಪ್ಪಲಿ ಬಿಟ್ಟು, ಮನೆಯ ಹೊಸ್ತಿಲು ದಾಟುವವಳಂತೆ ಮೆಲ್ಲಗೆ ಒಳಗೆ ಕಾಲಿಟ್ಟು ಕೂತಳು.