ಟವಲಿನ ಕೆಳಗೆ ಕರೆಂಟಿನ ದರ

ನಾನು ಮುಂಗೋಪಿ ಎಂದು ಗದಗ-ಬೆಟಗೇರಿಯಲ್ಲಿ ಬಲ್ಲವರೆಲ್ಲ ಬಲ್ಲರು. ಆದರೆ ಅವತ್ತಿನ ಸಿಟ್ಟಿಗೆ ಕಾರಣವಿತ್ತು. ನಮ್ಮ ಭಾಗದ ವಿದ್ಯುತ್ತಿಗೆ ಒಂದು ಮಾರುಕಟ್ಟೆ ಕಟ್ಟಬೇಕೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಗಾಳಿ, ಬಿಸಿಲಿನಿಂದ ಕರೆಂಟ್ ಮಾಡುವವರು ಪೈಪೋಟಿಯ ಮೇಲೆ ದರ ಹೇಳಬೇಕು. ಅಗ್ಗದ್ದನ್ನು ಮೊದಲು ಕೊಂಡು, ಕಡಿಮೆ ಬಿದ್ದದ್ದನ್ನು ಮಾತ್ರ ಕಲ್ಲಿದ್ದಲಿನಿಂದ ತರಬೇಕು. ಒಟ್ಟು ಖರ್ಚಿಗೊಂದು ಮಿತಿ, ಹೊಗೆಗೊಂದು ಮಿತಿ. ಒಂದು ಮಿತಿ ದಾಟಿದರೂ ಯೋಜನೆ ಕೈಬಿಡುತ್ತೇವೆಂದು ಅದಕ್ಕೆ ಒಪ್ಪಿಗೆ ಕೊಡಬೇಕಿದ್ದ ಸಮಿತಿ ಮೊದಲೇ ಹೇಳಿತ್ತು.

ಗದಗಿನ ಸಭಾಭವನವೊಂದರಲ್ಲಿ ಅದರ ತಾಲೀಮು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಮಾರುವವರು ಬಂದು ಕೂತಿದ್ದರು. ಅವರಲ್ಲಿ ಹಿರಿಯರೆಂದರೆ ನನ್ನ ಸೋದರಮಾವ; ಮುಂಡರಗಿ ಬಳಿ ಅವರ ಗಾಳಿಯಂತ್ರಗಳಿವೆ. ಎಲ್ಲ ಪಾರದರ್ಶಕವಾಗಿರಲಿ, ದರ ಬಾಯಿಬಿಟ್ಟು ಕೂಗಲಿ ಎಂದು ಸಮಿತಿಯ ಅಧ್ಯಕ್ಷರ ಹಠ. ಬೇಡವೆಂದು ನಾನು ಗಂಟಲು ಹರಿದುಕೊಂಡರೂ ಕೇಳಲಿಲ್ಲ.

ಮಾವ ಮೊದಲು ದರ ಹೇಳಿದರು. ಪಕ್ಕದವರು, "ಹಿರ್ಯಾರು ಹೇಳಿದ ಮ್ಯಾಲೆ ಆತ್ರಿ, ನಂದೂ ಅದ" ಎಂದರು. ಆಮೇಲೆ ಸಾಲಿಗೆ ಸಾಲೇ ಅದೇ ದರ. ಎಲ್ಲರೆದುರು ದೊಡ್ಡವರ ಮಾತು ಮುರಿಯುವ ಧೈರ್ಯ ಯಾರಿಗೂ ಇಲ್ಲ. ಖರ್ಚು ಮಿತಿ ದಾಟಿತು. ಅದನ್ನು ಇಳಿಸಲು ಕಲ್ಲಿದ್ದಲು ಹೆಚ್ಚಿಸಿದರೆ ಹೊಗೆ ದಾಟಿತು. ಅಧ್ಯಕ್ಷರು ಕನ್ನಡಕ ತೆಗೆದು, "ಇಲ್ಲಿ ಪೈಪೋಟಿ ನಡೆಯೋದಿಲ್ಲ ಮೇಡಂ" ಎಂದರು. ನನಗೆ ಮೈಯೆಲ್ಲ ಉರಿಯಿತು.

"ನಡೀತೈತ್ರಿ ಸರ್. ನಮ್ಮ ಪದ್ಧತಿಲೆ ಒಮ್ಮೆ ಮಾಡಿ ತೋರಸ್ತೀನಿ" ಎಂದವಳೇ ಮಾವನ ಹೆಗಲ ಮೇಲಿನ ಟವಲ್ ಎಳೆದುಕೊಂಡೆ. ನಮ್ಮ ದನದ ಸಂತೆಯಲ್ಲಿ ಎತ್ತಿನ ದರವನ್ನು ಯಾರೂ ಕೂಗುವುದಿಲ್ಲ. ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಾರೆ. ಪಕ್ಕದಲ್ಲಿ ನಿಂತ ಒಡಹುಟ್ಟಿದವನಿಗೂ ಗೊತ್ತಾಗುವುದಿಲ್ಲ. ಅಪ್ಪನ ಜೊತೆ ಸಂತೆ ಸುತ್ತಿ ಆ ಬೆರಳಿನ ಲೆಕ್ಕ ಕಲಿತಿದ್ದೆ. ಮೂಲೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದೆ.

ಮೊದಲು ಬಂದ ಶಿರಹಟ್ಟಿಯವರು ಹಿಂದೆ ಮುಂದೆ ನೋಡಿದರು. "ಹೆಣ್ಣಮಕ್ಕಳ ಕೈ ಹ್ಯಾಂಗ ಹಿಡಿಯೂದ್ರಿ, ಅಕ್ಕಾರ?"

"ಅಕ್ಕಾ ಅಂದ್ರಲ್ಲ, ಮತ್ತೇನ ನಾಚಿಕಿ? ಹಿಡೀರಿ."

ಹಿಡಿದರು. ಆ ಬೆರಳುಗಳು ಹೇಳಿದ್ದು ಬೇರೆಯೇ ದರ. ಮುಂದಿನವರದು ಇನ್ನೂ ಕಡಿಮೆ. ಮಾವನ ಮಗಳ ಗಂಡ ಎಲ್ಲರಿಗಿಂತ ಕೆಳಗಿಳಿದು, ಏನೂ ಅರಿಯದವನ ಹಾಗೆ ಹೋಗಿ ಮಾವನ ಪಕ್ಕದಲ್ಲೇ ಕೂತ.

ದರಗಳನ್ನು ನಾನೇ ಕಂಪ್ಯೂಟರಿಗೆ ಹಾಕಿದ ಮೇಲೆ ಪರದೆಯ ಮೇಲೆ ಒಟ್ಟು ಲೆಕ್ಕ ಬಂತು. ಖರ್ಚು ಮಿತಿಯೊಳಗೆ, ಹೊಗೆಯೂ ಮಿತಿಯೊಳಗೆ. ಅಧ್ಯಕ್ಷರು ನಂಬದೆ ಮತ್ತೆ ಲೆಕ್ಕ ಹಾಕಿಸಿದರು. ಅದೇ ಬಂತು. "ದರ ಗುಟ್ಟಾಗೇ ಇರಲಿ. ಯೋಜನೆ ಮುಂದುವರಿಸೋಣ" ಎಂದರು. ಗೆದ್ದೆ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಮಾವ ಮಾತ್ರ ಮುಖ ಗಂಟು ಹಾಕಿಕೊಂಡಿದ್ದರು. ಟವಲಿನ ಕೆಳಗೂ ಮೊದಲಿನ ದರವನ್ನೇ ಒತ್ತಿದ್ದರಿಂದ ಅವರದೇ ಎಲ್ಲರಿಗಿಂತ ದುಬಾರಿಯಾಗಿ, ಅವರ ಕರೆಂಟ್ ಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ. ತವರಿನ ದೊಡ್ಡವರನ್ನೇ ಎದುರು ಹಾಕಿಕೊಂಡೆನೇನೋ ಎಂದು ಅಳುಕುತ್ತ ಹತ್ತಿರ ಹೋದೆ.

"ನನಗಿಂತ ಕಡಿಮಿ ಹೇಳಿದವ್ರು ಯಾರವ್ವಾ?" ದನಿ ತಗ್ಗಿಸಿ ಕೇಳಿದರು.

"ಅದನ್ನ ಹೇಳಾಂಗಿಲ್ಲ, ಮಾವಾ."

ಅವರು ಅಂಗಿಯ ತೋಳು ಮೇಲೇರಿಸಿದರು. "ಆತು. ಇನ್ನೊಮ್ಮಿ ಮಾಡು. ಈ ಸಲ ಒಬ್ಬನ್ನೂ ಬಿಡಾಂಗಿಲ್ಲ, ಎಲ್ಲಾರಕಿಂತ ನಂದ ಕಡಿಮಿ."