ಗೇಣುದ್ದ ವಾಯರ್

ನಮ್ಮ ಲಕ್ಷ್ಮೇಶ್ವರ ತಾಲೂಕು ಆಗಿ ಎರಡನೇ ವರ್ಷ. ಅಷ್ಟೊತ್ತಿಗೆ ನಾನು ಮದುವಿ ಮಂಟಪಕ್ಕ, ಉರುಸಿಗೆ, ಗಣಪತಿಗೆ ಬಣ್ಣದ ದೀಪದ ಸರ ಕಟ್ಟಿ ಮೂವತ್ತು ವರ್ಷ ಆಗಿತ್ತು. ನಮ್ಮ ಮನಿಯವರು ಕಂಬ ಹತ್ತಿ ಸರ ಬಿಗಿಯೋರು, ನಾನು ಕಟ್ಟಿಮ್ಯಾಲೆ ಕುಂತು ಬೆಸಿಗಿ ಹಾಕಾಕಿ. ಸಾಲಿ ಕಲತದ್ದು ಮೂರನೇತ್ತ. ಆದ್ರ ನಾನು ಹಾಕಿದ ಬೆಸಿಗಿ ಬಿಟ್ಟಿದ್ದು ಯಾರೂ ನೋಡಿಲ್ಲ.

ಆ ವರ್ಷ ಮೊಮ್ಮಗಳು ಸವಿತಾ ಗದಗಿನ್ಯಾಗ ಕಂಪ್ಯೂಟರ್ ರಿಪೇರಿ ಕಲತು ಬಂದು ನಮ್ಮ ಪಡಸಾಲ್ಯಾಗ ಅಂಗಡಿ ಹಾಕಿದ್ಲು. ಮೊದಲನೇ ಆರ್ಡರು ಶಿರಹಟ್ಟಿಯ ಫೋಟೊ ಸ್ಟುಡಿಯೋ ಮಾಲಕರದು. ಒಂದು ಬದಿ ಗಾಜಿರೋ ಕಂಪ್ಯೂಟರ್ ಪೆಟ್ಟಿಗಿ, ಅದರೊಳಗ ಬಣ್ಣದ ಬೆಳಕು ಬೇಕು. "ಹುಡುಗಿ ಕೈಯಾಗ ಯಾಕ ಕೊಟ್ಟಿ ಅಂತ ಮಂದಿ ಕೇಳಾಕತ್ತಾರವಾ. ನಾ ಚಾಲೂ ಮಾಡಿ ನೋಡೇ ಒಯ್ಯಾಂವ" ಅಂದು ಹೋಗಿದ್ರು. ಈ ಪೆಟ್ಟಿಗಿ ಕೆಟ್ಟರ ಎರಡನೇದು ನಮ್ಮ ಬಾಗಿಲಿಗೆ ಬರೂದಿಲ್ಲ ಅನ್ನೂದು ಇಬ್ಬರಿಗೂ ಗೊತ್ತಿತ್ತು.

"ಆಯಿ, ಬೆಸಿಗಿ ನೀನೇ ಹಾಕು. ಅಂಥಾ ಕೈ ನನಗಿನ್ನೂ ಬಂದಿಲ್ಲ" ಅಂದ್ಲು. ನಾ ಅರ್ಧ ಚಹಾ ಬಿಟ್ಟು ಎದ್ದೆ.

ಗ್ವಾಡಿಯ ಕರೆಂಟ್ 230 ವೋಲ್ಟ್. ಪೆಟ್ಟಿಗಿಯೊಳಗ ಪವರ್ ಸಪ್ಲೈ ಅನ್ನೋ ಡಬ್ಬಿ ಅದನ್ನ ಇಳಿಸಿ 12 ವೋಲ್ಟ್ ಕೊಡತೈತಿ. ನಮ್ಮ ಎಲ್‌ಇಡಿ ಪಟ್ಟಿಗೆ ಬೇಕಾದ್ದೂ ಅಷ್ಟೇ. ಹಳದಿ ವಾಯರ್ ಹನ್ನೆರಡರದು, ಕರೀದು ವಾಪಸ್ ಹೋಗೂದು. ಆ ಡಬ್ಬಿ ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತರೂ ಅದರ ಹೊಟ್ಯಾಗ ಕರೆಂಟ್ ಉಳದಿರತೈತಿ. ಪ್ಲಗ್ ಕಿತ್ತು, ಮೈಯಾಗಿನ ಕರೆಂಟ್ ಇಳೀಲಿ ಅಂತ ಪೆಟ್ಟಿಗಿಯ ಕಬ್ಬಿಣ ಮುಟ್ಟಿ, ಆಮ್ಯಾಲೆ ಕೆಲಸಕ್ಕ ಕೈ ಹಾಕಿದ್ವಿ. ಬೆಸಿಗಿಮ್ಯಾಲೆ ಟೇಪ್ ಸುತ್ತಾಕ ಹೋದ್ರ ಸವಿತಾ ಬಿಡಲಿಲ್ಲ. ಕಾವಿಗೆ ಅಂಟು ಬಿಡತೈತಿ ಅಂತ ಸ್ಲೀವ್ ಅನ್ನೋ ಪ್ಲಾಸ್ಟಿಕ್ ಕೊಳವಿ ತೊಡಿಸಿ ಬಿಸಿ ಮಾಡಿದ್ಲು. ಅದು ಕುಗ್ಗಿ ಗಟ್ಯಾಗಿ ಕಚ್ಚಿಕೊಂತು. ಮೂವತ್ತು ವರ್ಷದಾಗ ನಾ ಕಾಣದ್ದು.

ಕಡೀಕ ಪಟ್ಟಿಗೆ ಹೋಗೋ ವಾಯರ್ ಗೇಣುದ್ದ ಹೆಚ್ಚಿಗೆ ಉಳೀತು. ಅದನ್ನ ಸಿಂಬಿ ಸುತ್ತಿ ದಾರ ಕಟ್ಟಿ ಪೆಟ್ಟಿಗಿ ಮೂಲ್ಯಾಗ ಇಟ್ಟೆ.

"ಕತ್ತರಿಸು ಆಯಿ."

"ಕತ್ತರಿಸೂದು ನಮ್ಮ ಮನಿ ಪದ್ಧತಿ ಅಲ್ಲವಾ. ಇವತ್ತು ಮದುವಿಗೆ ಕಟ್ಟಿದ್ದು ನಾಳೆ ಉರುಸಿಗೆ ಬೇಕಾಗತೈತಿ."

"ಕಂಪ್ಯೂಟರ್‌ಗೆ ಎರಡನೇ ಮದುವಿ ಮಾಡ್ತೀಯೇನು?" ಅಂತ ನಕ್ಕು ಬಿಟ್ಟಳು. ನನ್ನ ಮಾತು ಮೀರಲಿಲ್ಲ, ಪಾಪ.

ಮಧ್ಯಾಹ್ನ ಮಾಲಕರು ಬಂದು ಬಟನ್ ಒತ್ತಿದ್ರು. ನೇರಳಿ ಬೆಳಕು ಗಾಜಿನ ತುಂಬ ಹರೀತು. ನಾ ಹಿಗ್ಗಿ ಬಾಯಿ ತೆಗಿಯೂದರೊಳಗ ಟರಟರ ಸಪ್ಪಳ ಎದ್ದಿತು. ಸಿಂಬಿ ಜಾರಿ, ಪೆಟ್ಟಿಗಿ ತಣ್ಣಗಿಡೋ ಫ್ಯಾನಿನ ರೆಕ್ಕಿಗೆ ಸಿಕ್ಕಿತ್ತು.

"ಇದೇನು, ಒಳಗ ಹಿಟ್ಟಿನ ಗಿರಣಿ ಹಾಕೀರೇನು?" ಅಂದ್ರು ಮಾಲಕರು.

ಅವರ ಮಾತು ಮುಗಿಯೂದಕ್ಕ ಮೊದಲ ಸವಿತಾ ಗ್ವಾಡಿಯ ಪ್ಲಗ್ ಕಿತ್ತಿದ್ಲು. ಸಪ್ಪಳ ಬಂದ್ರ ಮೊದಲು ಕರೆಂಟ್ ತಗಿ, ಆಮ್ಯಾಲೆ ಕಾರಣ ಹುಡುಕು ಅಂತ ಸಣ್ಣಾಕಿದ್ದಾಗ ನಾನೇ ಕಲಿಸಿದ್ದೆ.

"ತಪ್ಪು ನಂದ್ರಿ, ಹುಡುಗೀದಲ್ಲ. ಆಕಿ ಕತ್ತರಿಸು ಅಂದಿದ್ಲು" ಅಂದೆ.

ಅವರ ಕಣ್ಣೆದುರಿಗೇ ಬದಿ ಬಿಚ್ಚಿದ್ವಿ. ರೆಕ್ಕಿ ಮುಕ್ಕಾಗಿರಲಿಲ್ಲ. ವಾಯರಿನ ಸಿಪ್ಪಿ ಮಾತ್ರ ತರಚಿತ್ತು. ಇನ್ನೊಂದೀಟು ತಿರುಗಿದ್ರ ತಾಮ್ರ ಹೊರಬಿದ್ದು ಕಬ್ಬಿಣಕ್ಕ ಹತ್ತತಿತ್ತು. ನಾನೇ ಕತ್ತರಿ ತಗೊಂಡು ಕತ್ತರಿಸಿದೆ. ಸವಿತಾ ಅಳತಿಗೆ ಸರಿಯಾಗಿ ಹೊಸಾ ವಾಯರ್ ಹಾಕಿ, ಫ್ಯಾನಿನಿಂದ ದೂರ ಬಿಗಿದು, ಮೀಟರ್ ಹಚ್ಚಿದ್ಲು. ಹನ್ನೆರಡು ಬಂತು. ಒಂದು ತಾಸು ಉರಿಸಿಟ್ಟು ಮುಟ್ಟಿ ನೋಡಿದ್ವಿ. ಮಂಟಪಕ್ಕ ಬೀಗರು ಬರೂಮುಂಚೆ ನಾವು ಹಿಂಗ ಮಾಡ್ತಿದ್ವಿ. ಬೆಸಿಗಿ ತಣ್ಣಗಿತ್ತು, ಫ್ಯಾನು ಸುಮ್ಮನ ತಿರುಗಾಕತ್ತಿತ್ತು.

ಎರಡು ಕಪ್ ಚಹಾ ಕುಡದು ಕುಂತಿದ್ದ ಮಾಲಕರು ಎದ್ದು, "ತಪ್ಪು ಮುಚ್ಚಿ ಕೊಡೋರು ಭಾಳ ಅದಾರ. ಬಿಚ್ಚಿ ತೋರಿಸಿದೋರನ್ನ ಇವತ್ತ ನೋಡಿದೆ" ಅಂದ್ರು. ಮುಂದಿನ ವಾರ ಮುಂಡರಗಿಯ ತಮ್ಮ ಅಳಿಯನ ಪೆಟ್ಟಿಗಿನೂ ಕಳಿಸಿದ್ರು.

ಸರಕ್ಕ ಉಳಿಸಿ ಕಟ್ಟಬೇಕು, ಪೆಟ್ಟಿಗಿಗೆ ಅಳದು ಕತ್ತರಿಸಬೇಕು. ಮೂವತ್ತು ವರ್ಷ ಕೆಲಸ ಮಾಡಿದಾಕಿಗೆ ಇದನ್ನ ಕಲಿಸಿದಾಕಿ ನನ್ನ ಮೊಮ್ಮಗಳು. ಆ ತುಂಡು ಮಾತ್ರ ನಾ ಒಗದಿಲ್ಲ. ಅಂಗಡಿ ಮೊಳಿಗೆ ತೂಗಬಿಟ್ಟೀನಿ. ಬಂದೋರು ಏನಿದು ಅಂದ್ರ ಸವಿತಾ ನಗ್ತಾಳ, ಕಥಿ ನಾ ಹೇಳತೀನಿ.